ಐದನೇ ಸ್ಟಾರ್ಟರ್ ಜಾಗಕ್ಕೆ ಯಾರು?

ಬೇಸ್‌ಬಾಲ್ ನೋಡುವ ಗೆಳೆಯರು, ಫೆಬ್ರವರಿಯಲ್ಲಿ ತಂಡಗಳ ಅಭ್ಯಾಸ ಶಿಬಿರ ಶುರುವಾದೊಡನೆ, ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಮೂವರು ಉತ್ತಮ ಸ್ಟಾರ್ಟರ್‌ಗಳು, ಅಂದರೆ ಪಂದ್ಯದ ಆರಂಭದಿಂದ ಚೆಂಡೆಸೆಯುವ ಪಿಚರ್‌ಗಳು, ಕೈಯಲ್ಲಿದ್ದ ಮೇಲೆ ನಾಲ್ಕನೇ ಮತ್ತು ಐದನೇ ಜಾಗಕ್ಕೆ ಯಾರನ್ನು ಹಾಕಿದರೇನು?

ಅಮೆರಿಕದ ಅತಿ ಮೇಲಿನ ಹಂತದ ಬೇಸ್‌ಬಾಲ್ ಲೀಗಾದ ಮೇಜರ್ ಲೀಗ್‌ನ ತಂಡವೊಂದು ಸುಮಾರು ಆರು ತಿಂಗಳಲ್ಲಿ 162 ಪಂದ್ಯಗಳನ್ನು ಆಡುತ್ತದೆ. ಪಂದ್ಯ ಆರಂಭಿಸುವ ಪಿಚರ್ ಒಮ್ಮೆ ತೊಂಬತ್ತು, ನೂರು ಎಸೆತ ಹಾಕಿದರೆ ಅವನ ಮೊಣಕೈಗೂ ಭುಜಕ್ಕೂ ನಾಲ್ಕೈದು ದಿನಗಳ ವಿಶ್ರಾಂತಿ ಬೇಕಾಗುವುದರಿಂದ ಐವರು ಸರದಿಯಲ್ಲಿ ಎಸೆಯುತ್ತಾರೆ. ಅಲ್ಲಿಗೆ ಕೊನೆಯ ಇಬ್ಬರ ಪಾಲಿಗೆ ಅರವತ್ತಕ್ಕೂ ಹೆಚ್ಚು ಪಂದ್ಯಗಳು ಬರುತ್ತವೆ. ಆ ದಿನಗಳಲ್ಲಿ ಸ್ಟಾರ್ಟರ್ ಮೂರನೇ ಇನ್ನಿಂಗ್ಸ್‌ನಲ್ಲೇ ಹೊಡೆತ ತಿಂದು ಹೊರನಡೆದರೆ ಒಂಬತ್ತರಲ್ಲಿ ಉಳಿದ ಆರು ಇನ್ನಿಂಗ್ಸ್‌ಗಳನ್ನು ಬುಲ್‌ಪೆನ್‌ನವರು, ಅಂದರೆ ಸ್ಟಾರ್ಟರ್ ನಂತರ ಬರುವ ಬದಲಿ ಪಿಚರ್‌ಗಳು, ಹೊರಬೇಕು. ನಷ್ಟವಾಗುವುದು ಆ ಒಂದು ಪಂದ್ಯವಷ್ಟೇ ಅಲ್ಲ, ಮರುದಿನ ಒಂದು ಓಟದ ಮುನ್ನಡೆಯನ್ನು ಕಾಯಬೇಕಾದವನ ತೋಳೂ ಅಂದೇ ದಣಿದಿರುತ್ತದೆ.

ಆದ್ದರಿಂದ ಐದನೇ ಜಾಗಕ್ಕೆ ಒಬ್ಬನನ್ನು ಹುಡುಕುವುದೇ ತಪ್ಪು ಎಂಬುದು ನನ್ನ ಉತ್ತರ. ಆ ಜಾಗಕ್ಕೆ ನಾಲ್ಕೈದು ಜನರ ಸಾಲೇ ಸಿದ್ಧವಿರಬೇಕು. 2024ರ ಲಾಸ್ ಏಂಜಲೀಸ್ ಡಾಜರ್ಸ್ ತಂಡವನ್ನೇ ನೋಡಿ. ಗ್ಲಾಸ್ನೋ, ಯಮಾಮೊಟೊ ಅವರಂಥ ದುಬಾರಿ ಪಿಚರ್‌ಗಳಿದ್ದೂ ಗಾಯಗಳ ಕಾರಣ ತಂಡ ಆ ವರ್ಷ 17 ಮಂದಿ ಸ್ಟಾರ್ಟರ್‌ಗಳನ್ನು ಬಳಸಬೇಕಾಯಿತು. ತಂಡದಲ್ಲಿ ಅತಿ ಹೆಚ್ಚು ಇನ್ನಿಂಗ್ಸ್ ಎಸೆದವರು, ಹಿಂದಿನ ವರ್ಷ ಬ್ಯಾಟರ್‌ಗಳಿಂದ ಚೆನ್ನಾಗಿ ಹೊಡೆಸಿಕೊಂಡಿದ್ದ, ಸರದಿಯ ಕೊನೆಯಲ್ಲಿ ಜಾಗ ಪಡೆದಿದ್ದ ಗೇವಿನ್ ಸ್ಟೋನ್. ಅವರ ಭುಜವೂ ಸೆಪ್ಟೆಂಬರ್ ಹೊತ್ತಿಗೆ ಕೈಕೊಟ್ಟಿತು. ಆದರೂ ಕೆಳ ಹಂತದ ಮೈನರ್ ಲೀಗ್‌ನಿಂದ ಬಂದ ಲ್ಯಾಂಡನ್ ನ್ಯಾಕ್ ಅವರಂಥವರು ಸರದಿ ನಿಲ್ಲದಂತೆ ನೋಡಿಕೊಂಡರು, ತಂಡ 98 ಪಂದ್ಯ ಗೆದ್ದಿತು, ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಕೂಡ ಅದರದಾಯಿತು.

ಈ ಸಾಲನ್ನು ಕಟ್ಟುವಾಗ ನಾನು ಪ್ರತಿಭೆಯಷ್ಟೇ ಗಮನ ಕೊಡುವುದು ‘ಆಪ್ಷನ್’ಗೆ, ಅಂದರೆ ಆಟಗಾರನನ್ನು ಕಳೆದುಕೊಳ್ಳದೆ ಕೆಳ ಹಂತಕ್ಕೆ ಕಳುಹಿಸಲು ತಂಡಕ್ಕಿರುವ ಹಕ್ಕಿಗೆ. ಆಪ್ಷನ್ ಉಳಿದಿರುವ ಯುವ ಪಿಚರ್‌ನನ್ನು ಒಂದು ಋತುವಿನಲ್ಲಿ ಐದು ಸಲದವರೆಗೆ ಮೈನರ್ ಲೀಗ್‌ಗೆ ಕಳುಹಿಸಬಹುದು. ಅದು ಮುಗಿದವನನ್ನು ಕೆಳಗಿಳಿಸಲು ಹೊರಟರೆ ಬೇರೆ ತಂಡ ಅವನನ್ನು ಎತ್ತಿಕೊಳ್ಳಬಹುದು. ಹಾಗಾಗಿ ನಾಲ್ಕನೇ ಜಾಗಕ್ಕೆ ದೇಹ ಗಟ್ಟಿಯಿರುವ, ಒಂದು ವರ್ಷದ ಒಪ್ಪಂದಕ್ಕೆ ಸಿಗುವ ಅನುಭವಿಯೊಬ್ಬನನ್ನು ತಂದು, ಐದನೆಯದನ್ನು ಆಪ್ಷನ್ ಉಳಿದಿರುವ ಯುವಕರಿಗೇ ಬಿಡುವುದು ಸರಿಯೆಂದು ನಾನು ದೃಢವಾಗಿ ನಂಬುತ್ತೇನೆ.

ಆ ಯುವಕರಲ್ಲಿ ಯಾರು ಮೊದಲು? ಒಂಬತ್ತು ಬ್ಯಾಟರ್‌ಗಳ ಸಾಲು ಮೂರನೇ ಸಲ ಬರುವ ಹೊತ್ತಿಗೆ ಅವರು ಪಿಚರ್‌ನ ಸ್ಲೈಡರ್ (ಪಕ್ಕಕ್ಕೆ ತಿರುಗುವ ಎಸೆತ) ಎಲ್ಲಿಂದ ತಿರುಗುತ್ತದೆಂದು ನೋಡಿಯಾಗಿರುತ್ತದೆ. ಎರಡೇ ಬಗೆಯ ಎಸೆತ ಬಲ್ಲವನು ಎಷ್ಟೇ ವೇಗವಾಗಿ ಎಸೆದರೂ ಅಲ್ಲಿ ಸಿಕ್ಕಿಬೀಳುತ್ತಾನೆ. ಶಿಬಿರದಲ್ಲಿ ನಾನು ನೋಡುವುದು ಮೂರನೆಯ ಬಗೆಯ ಎಸೆತವನ್ನು, ಅದರಲ್ಲೂ ಎಡಗೈ ಬ್ಯಾಟರ್‌ಗೆ ಮೂರು ಬಾಲ್, ಒಂದು ಸ್ಟ್ರೈಕ್ ಆಗಿರುವಾಗ (ಇನ್ನೊಂದು ಬಾಲ್ ಆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ) ಅವನು ವೇಗ ತಗ್ಗಿಸಿ ಮೋಸಗೊಳಿಸುವ ಚೇಂಜ್‌ಅಪ್ ಎಸೆಯುವ ಧೈರ್ಯ ಮಾಡುತ್ತಾನೆಯೇ ಎಂಬುದನ್ನು. ಅಂಥವನು ಐದು ಇನ್ನಿಂಗ್ಸ್ ಎಸೆದು ಮೂರು ಓಟ ಬಿಟ್ಟುಕೊಟ್ಟರೂ, ಐದನೇ ದಿನದ ಪಂದ್ಯದಲ್ಲಿ ತಂಡಕ್ಕೆ ಅಷ್ಟು ಸಾಕು.