ಪಿಚಿಂಗ್ ಇಲ್ಲದ ಆ ನಾಲ್ಕು ದಿನ ಏನ್ ಮಾಡ್ತಾರೆ?

ಸೀನಿಯರ್ ಪೊಸಿಷನ್‌ಗೆ ಜನಾನ ಇಂಟರ್ವ್ಯೂ ಮಾಡೋದು ಈಗ ನನ್ನ ಕೆಲಸದಲ್ಲಿ ಅರ್ಧ ಆಗ್ಬಿಟ್ಟಿದೆ. ನ್ಯೂಜೆರ್ಸೀಲಿ ಒಂದು ಇನ್ಶೂರೆನ್ಸ್ ಕಂಪನೀಲಿ ಡೇಟಾ ಟೀಮ್ ನೋಡ್ಕೋತೀನಿ, ಅದಕ್ಕೂ ಮುಂಚೆ ಕ್ಲೀವ್‌ಲ್ಯಾಂಡಲ್ಲಿದ್ದೆ. ಈ ಕೆಲಸಕ್ಕೆ ನಂಗೆ ಯಾವ ಮ್ಯಾನೇಜ್‌ಮೆಂಟ್ ಟ್ರೇನಿಂಗಿಗಿಂತಲೂ ಜಾಸ್ತಿ ಉಪಯೋಗಕ್ಕೆ ಬಂದಿರೋದು, ಅದೇ ಕ್ಲೀವ್‌ಲ್ಯಾಂಡ್ ಟೀಮಲ್ಲಿ ಆಟ ಶುರು ಮಾಡಿದ ಬೇಸ್‌ಬಾಲ್ ಪಿಚರ್ (ಬಾಲ್ ಎಸೆಯೋನು) ಸಿಸಿ ಸಬಾತಿಯಾ ನ್ಯೂಯಾರ್ಕ್ ಯಾಂಕೀಸ್ ಟೀಮ್ ಸೇರಿದ ರೀತಿ.

ಬೇಸ್‌ಬಾಲ್ ನೋಡ್ದೇ ಇರೋರಿಗೆ ಒಂದು ವಿಷಯ ಹೇಳ್ಬೇಕು. ಸ್ಟಾರ್ಟಿಂಗ್ ಪಿಚರ್, ಅಂದ್ರೆ ಮ್ಯಾಚ್ ಶುರುವಿಂದ ಬಾಲ್ ಎಸೆಯೋನು, ದಿನಾ ಆಡಲ್ಲ, ಸುಮಾರಾಗಿ ಐದು ದಿನಕ್ಕೊಂದು ಸಲ ಬಂದು ನೂರರ ಹತ್ರ ಬಾಲ್ ಎಸೀತಾನೆ, ಮಿಕ್ಕ ನಾಲ್ಕು ದಿನ ತೋಳಿಗೆ ರೆಸ್ಟ್, ಬೆಂಚಲ್ಲಿ ಕೂತಿರ್ತಾನೆ. ಸೀಸನ್ನಲ್ಲಿ 162 ಮ್ಯಾಚ್, 2009ರಲ್ಲಿ ಸಬಾತಿಯಾ ಶುರು ಮಾಡಿದ್ದು 34. ಅಂದ್ರೆ ಟೀಮಲ್ಲೇ ದೊಡ್ಡ ಸಂಬಳದವರಲ್ಲಿ ಒಬ್ಬ ಮುಕ್ಕಾಲುಪಾಲು ದಿನ ಆಟಾನೇ ಆಡಲ್ಲ!

ಅವನ ಹಿನ್ನೆಲೆ ಚಿಕ್ಕದಾಗಿ ಹೇಳ್ತೀನಿ. 2001ರಲ್ಲಿ ಇಪ್ಪತ್ತು ವರ್ಷದ ಹುಡುಗ ಕ್ಲೀವ್‌ಲ್ಯಾಂಡಿಗೆ ಆಡೋಕೆ ಬಂದ, 2007ರಲ್ಲಿ ಲೀಗಿನ ಬೆಸ್ಟ್ ಪಿಚರ್‌ಗೆ ಕೊಡೋ ಸೈ ಯಂಗ್ ಅವಾರ್ಡ್ ತಗೊಂಡ, 2008ರ ಜುಲೈಲಿ ಕ್ಲೀವ್‌ಲ್ಯಾಂಡ್ ಅವನನ್ನ ಮಿಲ್ವಾಕಿ ಟೀಮಿಗೆ ಟ್ರೇಡ್ ಮಾಡ್ತು. ಮಿಲ್ವಾಕಿಲಿ ಅವನು ಮಾಡಿದ್ದು ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ಮನ್ನುತ್ತೆ, ಕಾಂಟ್ರಾಕ್ಟ್ ಮುಗೀತಾ ಬಂದಿದೆ, ಕೈಗೇನಾದ್ರೂ ಆದ್ರೆ ಮುಂದೆ ಬರೋ ಕೋಟ್ಯಂತರ ದುಡ್ಡು ಹೋಯ್ತು, ಆದ್ರೂ ಸೆಪ್ಟೆಂಬರಲ್ಲಿ ಮೂರೇ ದಿನ ರೆಸ್ಟ್ ತಗೊಂಡು ಮತ್ತೆ ಮತ್ತೆ ಪಿಚ್ ಮಾಡಿ ಆ ಊರಿನ ಟೀಮನ್ನ 1982ರ ನಂತರ ಮೊದಲನೇ ಸಲ ಪ್ಲೇಆಫ್‌ಗೆ, ಅಂದ್ರೆ ಸೀಸನ್ ಕೊನೇ ನಾಕೌಟ್ ಹಂತಕ್ಕೆ, ಮುಟ್ಟಿಸಿದ.

ಆಮೇಲೆ ಯಾಂಕೀಸ್ ಹಿಂದೆ ಬಿತ್ತು. 1993ರ ನಂತರ ಮೊದಲನೇ ಸಲ ಆ ವರ್ಷ ಅವ್ರಿಗೆ ಪ್ಲೇಆಫ್‌ಗೆ ಹೋಗೋಕೆ ಆಗಿರ್ಲಿಲ್ಲ. ಸಬಾತಿಯಾ ಕ್ಯಾಲಿಫೋರ್ನಿಯಾದವನು, ಮನೆ ಹತ್ರಾನೇ ಇರ್ಬೇಕು ಅಂತ ಆಸೆ, ನ್ಯೂಯಾರ್ಕ್ ಅಂದ್ರೆ ಹಿಂಜರಿಕೆ. ಯಾಂಕೀಸ್‌ಗೆ ಆಟಗಾರರನ್ನ ಆರಿಸೋ ಜನರಲ್ ಮ್ಯಾನೇಜರ್ ಬ್ರಯನ್ ಕ್ಯಾಷ್‌ಮನ್, ಲಾಸ್ ವೇಗಾಸಲ್ಲಿ ನಡೀತಿದ್ದ ಬೇಸ್‌ಬಾಲ್ ಟೀಮುಗಳ ಮೀಟಿಂಗನ್ನ ಮಧ್ಯದಲ್ಲೇ ಬಿಟ್ಟು ಅವನ ಮನೇಗೇ ಹೋಗಿ ಗಂಡ ಹೆಂಡ್ತಿ ಇಬ್ಬರ ಜೊತೆ ಕೂತು ಮಾತಾಡಿದ್ರು. ಅಲ್ಲಿ ಸಬಾತಿಯಾ ಎತ್ತಿದ ವಿಷಯ ನೋಡಿ, ನಿಮ್ಮ ಡ್ರೆಸ್ಸಿಂಗ್ ರೂಮಲ್ಲಿ ಒಬ್ಬರಿಗೊಬ್ಬರಿಗೆ ಆಗಲ್ವಂತೆ, ನಿಜಾನಾ ಅಂತ. ಕ್ಯಾಷ್‌ಮನ್ ಅದನ್ನ ಮುಚ್ಚಿಡ್ಲಿಲ್ಲ, ಹೌದು ಒಡೆದಿದೆ, ಜನಾನ ಸೇರಿಸೋನು ಅಂತ ನಿನಗೆ ಹೆಸರಿದೆ, ನಿನ್ನ ಕರೀತಿರೋದಕ್ಕೆ ಅದೂ ಒಂದು ಕಾರಣ ಅನ್ನೋ ಅರ್ಥದಲ್ಲಿ ಹೇಳಿದ್ರು. ಕೊನೆಗೆ ಏಳು ವರ್ಷಕ್ಕೆ 161 ಮಿಲಿಯನ್ ಡಾಲರ್, ಮೂರು ವರ್ಷ ಆದ್ಮೇಲೆ ಊರು ಹಿಡಿಸ್ಲಿಲ್ಲ ಅಂದ್ರೆ ಹೊರಟು ಹೋಗಬಹುದು ಅನ್ನೋ ಷರತ್ತಿನ ಜೊತೆ.

ದುಡ್ಡಿನ ಬಗ್ಗೆ ಎಲ್ಲರೂ ಬರೆದ್ರು. ನಂಗೆ ದೊಡ್ಡದು ಅನ್ಸೋದು ಆ ಪ್ರಶ್ನೆ, ಅದಕ್ಕಿಂತ ದೊಡ್ಡದು ಆ ಉತ್ತರ.

2009ರಲ್ಲಿ ಯಾಂಕೀಸ್‌ಗೆ ಮೊದಲನೇ ಮ್ಯಾಚು, ಬಾಲ್ಟಿಮೋರಲ್ಲಿ, ಆರು ರನ್ ಕೊಟ್ಟ (ಬೇಸ್‌ಬಾಲಲ್ಲಿ ಅದು ಜಾಸ್ತಿ), ಒಂಬತ್ತು ಇನಿಂಗ್ಸಲ್ಲಿ ಐದು ಕೂಡ ಮುಗಿಸ್ಲಿಲ್ಲ, ಒಂದೂ ಸ್ಟ್ರೈಕ್‌ಔಟ್ (ಪಿಚರ್ ಬ್ಯಾಟ್ಸ್‌ಮನ್‌ನ ತಾನೇ ಔಟ್ ಮಾಡೋದು) ಇಲ್ಲ, ಟೀಮ್ ಸೋತ್ತು. ಹೊಸ ಯಾಂಕೀ ಸ್ಟೇಡಿಯಂ ಓಪನ್ ಆದ ದಿನ ಎದುರಿಗೆ ತನ್ನ ಹಳೇ ಕ್ಲೀವ್‌ಲ್ಯಾಂಡ್ ಟೀಮೇ, ಅವತ್ತು ಚೆನ್ನಾಗಿ ಎಸೆದ, ಆದ್ರೂ ಟೀಮ್ 10-2ರಲ್ಲಿ ಸೋತ್ತು. ನ್ಯೂಯಾರ್ಕ್ ಪೇಪರ್‌ಗಳು ಅಂಥ ಹೊತ್ತಲ್ಲಿ ಯಾರನ್ನೂ ಸುಮ್ನೆ ಬಿಡಲ್ಲ. ಆದ್ರೆ ಅಷ್ಟು ಹೊತ್ತಿಗೆ ಅವನು ಇನ್ನೊಂದು ಕೆಲಸ ಶುರು ಮಾಡಾಗಿತ್ತು. ಸೀಸನ್‌ಗೆ ಮುಂಚಿನ ಫ್ಲೋರಿಡಾ ಟ್ರೇನಿಂಗ್ ಕ್ಯಾಂಪಲ್ಲಿದ್ದಾಗ್ಲೇ ಟೀಮಿನವರನ್ನ ಕಟ್ಕೊಂಡು ಆರ್ಲ್ಯಾಂಡೋಗೆ ಬಾಸ್ಕೆಟ್‌ಬಾಲ್ ಮ್ಯಾಚ್ ನೋಡೋಕೆ ಹೋಗಿದ್ದು, ಹೊಸಬ ಹಳಬ ಅನ್ನದೆ ಎಲ್ಲರ ಜೊತೆ ಬೆರೆತಿದ್ದು, ಎಲ್ಲಾ ಆ ಖಾಲಿ ದಿನಗಳ ಕೆಲಸ. ಆ ವರ್ಷ 19 ಗೆಲುವು, ಲೀಗ್ ಫೈನಲ್ಲಲ್ಲಿ ಎಂವಿಪಿ (ಬೆಸ್ಟ್ ಆಟಗಾರ), ನವೆಂಬರಲ್ಲಿ ಫಿಲಡೆಲ್ಫಿಯಾನ ಸೋಲಿಸಿ ವರ್ಲ್ಡ್ ಸೀರೀಸ್, ಅಂದ್ರೆ ಆ ವರ್ಷದ ಚಾಂಪಿಯನ್‌ಷಿಪ್. ಮೂರು ವರ್ಷ ಆದ್ಮೇಲೆ ಬಿಟ್ಟು ಹೋಗೋ ಷರತ್ತಿತ್ತಲ್ಲ, ಹೋಗ್ಲಿಲ್ಲ, ಕಾಂಟ್ರಾಕ್ಟ್ ಮುಂದುವರೆಸಿಕೊಂಡು 2019ರಲ್ಲಿ ಅಲ್ಲೇ ರಿಟೈರ್ ಆದ.

ಇದರಲ್ಲಿ ಇನ್ನೊಂದು ಮುಖ ಇದೆ, ಅದನ್ನ ಬಿಟ್ಟು ಹೇಳಿದ್ರೆ ಸುಳ್ಳಾಗುತ್ತೆ. ಅದರಲ್ಲಿ ಎಷ್ಟೋ ವರ್ಷ ಅವನು ಕುಡಿತದ ಜೊತೆ ಒದ್ದಾಡ್ತಿದ್ದ. 2015ರ ಅಕ್ಟೋಬರಲ್ಲಿ, ಪ್ಲೇಆಫ್ ಮ್ಯಾಚ್ ಇನ್ನೇನು ಶುರು ಅನ್ನೋವಾಗ, ನಂಗೆ ಸಹಾಯ ಬೇಕು ಅಂತ ತಾನಾಗೇ ಹೇಳಿ ರಿಹ್ಯಾಬ್‌ಗೆ ಹೋದ. ಎಲ್ಲರನ್ನೂ ಸೇರಿಸೋ ಮನುಷ್ಯನನ್ನ ನೀನು ಹೇಗಿದ್ದೀಯಾ ಅಂತ ಕೇಳೋರು ಕಮ್ಮಿ ಇರ್ತಾರೆ, ಆಫೀಸಲ್ಲೂ ಅಷ್ಟೇ. ನನ್ನ ಟೀಮಲ್ಲಿ ಅಂಥವರ ಜೊತೆ ತಿಂಗಳಿಗೊಂದು ಸಲ ಕಾಫಿಗೆ ಕೂರ್ತೀನಿ, ಪ್ರಾಜೆಕ್ಟ್ ಮಾತು ಎತ್ತೋದೇ ಇಲ್ಲ.

ನಮ್ಮ ಕೆಲಸದಲ್ಲೂ ಸೀನಿಯರ್‌ಗಳಿಗೆ ಪಿಚಿಂಗ್ ದಿನ ಅಂತ ಇರುತ್ತೆ, ಡೇಟಾನ ಹೊಸ ಸಿಸ್ಟಮ್‌ಗೆ ಸಾಗಿಸೋ ದೊಡ್ಡ ಮೈಗ್ರೇಷನ್, ಆಡಿಟ್, ಮಧ್ಯರಾತ್ರಿ ಸಿಸ್ಟಮ್ ಬಿದ್ದಿದ್ದು. ಅದನ್ನ ರೆಸ್ಯೂಮೆ ನೋಡಿನೇ ತಿಳ್ಕೋಬಹುದು, ಮಿಕ್ಕ ದಿನ ಏನ್ ಮಾಡ್ತಾರೆ ಅನ್ನೋದು ಅದರಲ್ಲಿ ಇರಲ್ಲ. ಹೋದ ವರ್ಷ ಒಬ್ಬರನ್ನ ತಗೊಂಡ್ವಿ, ಇಂಟರ್ವ್ಯೂನಲ್ಲಿ ಆಕೆ ಕೇಳಿದ್ದು ನಿಮ್ಮಲ್ಲಿ ಕೊನೇ ಸಲ ಬಿಟ್ಟು ಹೋದವರು ಯಾಕೆ ಹೋದ್ರು ಅಂತ. ಇದ್ದದ್ದು ಇದ್ದ ಹಾಗೇ ಹೇಳ್ದೆ, ಇನ್ಶೂರೆನ್ಸ್ ಕ್ಲೇಮ್ ನೋಡ್ಕೊಳ್ಳೋ ಟೀಮಿನವರಿಗೂ ನಮಗೂ ಮಾತಿಲ್ಲ, ಬರೀ ಈಮೇಲ್ ಜಗಳ ಅಂತ. ಸೇರಿದ ಮೇಲೆ ಆಕೆ ಕ್ಲೇಮ್ಸ್ ಟೀಮಿನ ಬೆಳಗಿನ ಕಾಲ್‌ಗೆ ಹೋಗಿ ಮೈಕ್ ಮ್ಯೂಟ್ ಮಾಡ್ಕೊಂಡು ಸುಮ್ನೆ ಕೇಳೋಕೆ ಶುರು ಮಾಡಿದ್ರು. ಪ್ರತಿ ತಿಂಗಳ ಕೊನೇಲೂ ನಮ್ಮ ನಂಬರ್‌ಗೂ ಅವರ ನಂಬರ್‌ಗೂ ಯಾಕೆ ತಾಳೆ ಆಗಲ್ಲ ಅನ್ನೋದು ಗೊತ್ತಾಗಿದ್ದು ಅಲ್ಲೇ, ನಾವು ಆಕ್ಸಿಡೆಂಟ್ ಆದ ತಾರೀಖು ಹಿಡಿದು ಲೆಕ್ಕ ಹಾಕ್ತಿದ್ವಿ, ಅವರು ಕ್ಲೇಮ್ ರಿಪೋರ್ಟ್ ಆದ ತಾರೀಖು ಹಿಡಿದು. ಈಗ ಎರಡೂ ಕಾಲಂ ಒಂದೇ ಶೀಟಲ್ಲಿದೆ, ಡೌಟ್ ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಕೆಳಗಡೆ ಬರೆದಿದೆ.

ಈಗ ನಾನು ಆಫರ್ ಕೊಡೋಕೆ ಮುಂಚೆನೇ, ಸಂಬಳದ ಮಾತಿಗಿಂತ ಮೊದ್ಲು, ನಮ್ಮಲ್ಲಿ ಏನು ಕೆಟ್ಟಿದೆ ಅಂತ ಹೇಳ್ಬಿಡ್ತೀನಿ. ಎಚ್‌ಆರ್‌ನವರಿಗೆ ಇದು ಅಷ್ಟು ಇಷ್ಟ ಇಲ್ಲ. ಕೇಳಿ ಹಿಂದೆ ಸರಿದವರೂ ಇದ್ದಾರೆ, ಇದರಲ್ಲಿ ನನ್ನ ಪಾಲು ಏನಿರುತ್ತೆ ಅಂತ ಕೇಳಿದವರೂ ಇದ್ದಾರೆ, ನಾನು ತಗೊಳ್ಳೋದು ಹಾಗೆ ಕೇಳಿದವರನ್ನ.