ಬಿಸಿಲಿದೆ, ಆದರೆ ಮೈನಸ್ 31

2019ರ ಜನವರಿ 30, ಶಿಕಾಗೋ. ಹಾಸನದಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ದಳು. ಕಿಟಕಿಯಾಚೆ ನೋಡಿ, "ಬಿಸಿಲು ಇದೆಯಲ್ಲೋ, ಇನ್ನೆಂಥ ಚಳಿ?" ಅಂದಳು. ಬಿಸಿಲೇನೋ ಫಳಫಳ ಅನ್ನುತ್ತಿತ್ತು. ಆದರೆ ಬೆಳಿಗ್ಗೆ ಮೈನಸ್ 31 ಡಿಗ್ರಿ, ಗಾಳಿ ಸೇರಿ ಮೈಗೆ ತಾಗುವುದು ಮೈನಸ್ 47ರಷ್ಟು.

ಇದೇನು ಎರಡೆರಡು ಲೆಕ್ಕ ಅಂತ ಅವಳಿಗೆ ಗೊಂದಲ. ಬಿಸಿ ಕಾಫಿಯನ್ನು ಊದಿ ಆರಿಸುತ್ತೀಯಲ್ಲ, ಇಲ್ಲಿ ಗಾಳಿ ನಮ್ಮನ್ನೇ ಹಾಗೆ ಊದುತ್ತದೆ ಎಂದೆ. ಚರ್ಮಕ್ಕೆ ಅಂಟಿಕೊಂಡಂತೆ ನಮ್ಮದೇ ಮೈಬಿಸಿಯ ತೆಳು ಪದರ ಇರುತ್ತದೆ, ಗಾಳಿ ಅದನ್ನು ಬಿಡದೆ ಕಿತ್ತುಕೊಂಡು ಹೋಗುತ್ತಿರುತ್ತದೆ. ಕಾರು ಬೇಗ ತಣ್ಣಗಾಗಬಹುದು, ಆದರೆ ಎಷ್ಟೇ ಗಾಳಿ ಬೀಸಿದರೂ ಮೈನಸ್ 31ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆ ಎರಡನೇ ಲೆಕ್ಕ ನಮ್ಮ ಚರ್ಮಕ್ಕೆ ಮಾತ್ರ.

ಇಷ್ಟೆಲ್ಲ ಪಾಠ ಹೇಳಿದವನು ನಾನೇ, ಎರಡು ನಿಮಿಷದ ಕೆಲಸ ಅಲ್ವಾ ಎಂದು ಟೋಪಿ ಇಲ್ಲದೆ ಕಸ ಹಾಕಲು ಹೋದೆ. ಮೂಗಿನೊಳಗಿನ ಕೂದಲು ಮೊದಲ ಉಸಿರಿಗೇ ಗರಿಗರಿಯಾಯಿತು. ವಾಪಸ್ ಬರುವಾಗ ದಪ್ಪ ಗವಸಿನ ಕೈಯಿಂದ ಕೀ ಜಾರಿ ಹಿಮದೊಳಗೆ ಬಿತ್ತು, ಹುಡುಕಿ ಬಾಗಿಲು ತೆಗೆಯುವಷ್ಟರಲ್ಲಿ ಎಡಗಿವಿ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಸುಣ್ಣದ ಹಾಗೆ ಬಿಳಿ. ನೋವಿಲ್ಲ, ಅದೇ ಹೆದರಿಕೆ. "ಕೊಬ್ಬರಿ ಎಣ್ಣೆ ಹಚ್ಚಿ ಚೆನ್ನಾಗಿ ಉಜ್ಜೋ" ಅಂದಳು ಅಮ್ಮ. ಉಜ್ಜಬಾರದು, ಹೆಪ್ಪುಗಟ್ಟಿದ ಚರ್ಮಕ್ಕೆ ಇನ್ನಷ್ಟು ಗಾಯವಾಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಇಟ್ಟುಕೊಂಡು ಕೂತೆ. ಜೀವ ಬಂದಾಗ ಉರಿದ ಉರಿ ಇದೆಯಲ್ಲ, ಬೇಡವೇ ಬೇಡ. (ಎಣ್ಣೆ ಡಬ್ಬಿ ಹೇಗೂ ಕಲ್ಲಾಗಿತ್ತು.)

ಆ ದಿನ ಅಂಚೆ ಬಟವಾಡೆಯೂ ಇರಲಿಲ್ಲ. ರೈಲು ಹಳಿ ಬದಲಿಸುವ ಕಡೆ ಮಂಜು ಕಟ್ಟದಿರಲಿ ಎಂದು ಉಪನಗರ ರೈಲು ಓಡಿಸುವ ಮೆಟ್ರಾ ಸಂಸ್ಥೆಯವರು ಗ್ಯಾಸ್ ಉರಿ ಹಚ್ಚಿದ್ದರು, ಆ ಬೆಂಕಿಯ ಮೇಲೇ ರೈಲು ಹೋಗುತ್ತಿತ್ತು. ಮಿಷಿಗನ್ ಸರೋವರದಿಂದ ಹಂಡೆ ನೀರಿನಂತೆ ಹಬೆ ಏಳುತ್ತಿತ್ತು.

ರಾತ್ರಿ ಪೈಪ್ ಹೆಪ್ಪುಗಟ್ಟಿ ಒಡೆಯಬಾರದೆಂದು ಅಡುಗೆಮನೆ ನಲ್ಲಿಯನ್ನು ಸ್ವಲ್ಪವೇ ತಿರುಗಿಸಿ ತೊಟ್ಟಿಕ್ಕಲು ಬಿಟ್ಟಿದ್ದೆ. ಅಮ್ಮ ಮತ್ತೆ ಕಾಲ್ ಮಾಡಿ, ಕಿವಿ ಹೇಗಿದೆ ಎಂದು ಕೇಳುತ್ತಾ ಕೇಳುತ್ತಾ ಸುಮ್ಮನಾದಳು.

"ಏನೋ ಅದು ಸದ್ದು? ನಲ್ಲಿ ಸರಿಯಾಗಿ ನಿಲ್ಲಿಸೋ, ನೀರು ಸುಮ್ನೆ ಹೋಗ್ತಿದೆ!"