“ಪ್ರಾರ್ಥನೆ ಮಾಡಿದ್ರೆ ಆಗುತ್ತಾ?” ಅಂತ ಕೇಳುವವರಿಗೆ

ಈ ಪ್ರಶ್ನೆ ನನಗೆ ಎರಡು ಕಡೆಯಿಂದ ಬರುತ್ತದೆ. ಚರ್ಚಿಗೆ ಹೋಗದ ಸ್ನೇಹಿತರು, “ನೀವು ಕ್ರೈಸ್ತರು ಎಲ್ಲದಕ್ಕೂ ಪ್ರಾರ್ಥನೆ ಮಾಡ್ತೀರಲ್ಲ, ನಿಜವಾಗ್ಲೂ ಆಗುತ್ತಾ?” ಅಂತಾರೆ. ಚರ್ಚಿಗೆ ಹೋಗುವವರು ಅದನ್ನೇ ಮಗುಚಿ ಹಾಕಿ, “ಆಗ್ಲಿಲ್ಲ ಅಂದ್ರೆ ನಂಬಿಕೆ ಎಲ್ಲೋ ಕಮ್ಮಿ ಬಿದ್ದಿರಬೇಕು, ಅಲ್ವಾ?” ಅಂತಾರೆ. ಇಬ್ಬರಿಗೂ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಆಫೀಸಿನ ಲಿಫ್ಟಿನಲ್ಲಿ ಕೇಳಿದವರಿದ್ದಾರೆ. ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದರು. ಆ ತುಪ್ಪ ಆರುವುದರೊಳಗೆ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಸೀದಾ ಉತ್ತರ. ಹೌದು, ನಾನು ಕೇಳುವಾಗ ಸಿಗುತ್ತದೆ ಅಂತಲೇ ಕೇಳುತ್ತೇನೆ. “ಪ್ರಾರ್ಥನೆಯಿಂದ ಮನಸ್ಸು ಹಗುರಾಗುತ್ತೆ, ಅಷ್ಟು ಸಾಕಲ್ವಾ” ಎನ್ನುವವರು ನನ್ನ ಪರವಾಗಿಯೇ ಮಾತಾಡುತ್ತಿದ್ದೇವೆ ಅಂದುಕೊಂಡಿರುತ್ತಾರೆ, ಪಾಪ. ನನಗೆ ಅಷ್ಟು ಸಾಲದು. ಮನಸ್ಸು ಹಗುರ ಮಾಡಿಕೊಳ್ಳಲು ಸಂಜೆ ಒಂದು ಸುತ್ತು ನಡೆದು ಬಂದರೂ ಆಗುತ್ತದೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ದಿನದ ಊಟ ಕೇಳು ಅಂತ ಇದೆ. ಅದರ ಬೆನ್ನಿಗೇ ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಒಬ್ಬ ನಡುರಾತ್ರಿ ಸ್ನೇಹಿತನ ಬಾಗಿಲು ಬಡಿದು ಮೂರು ರೊಟ್ಟಿ ಸಾಲ ಕೇಳುತ್ತಾನೆ. ಒಳಗಿದ್ದವನು “ತೊಂದರೆ ಕೊಡಬೇಡ, ಮಕ್ಕಳು ಮಲಗಿದ್ದಾರೆ” ಎಂದರೂ ಈತ ಜಗ್ಗುವುದಿಲ್ಲ. ಹಾಗೆ ನಾಚಿಕೆ ಬಿಟ್ಟು ಕೇಳಿ ಅಂತಲೇ ಯೇಸು ಹೇಳಿದ್ದು.

ಇನ್ನೊಂದು ಮಾತು, “ಪ್ರಾರ್ಥನೆ ಕೆಲಸ ಮಾಡುತ್ತಾ?” ಅಂತ ಮಾತ್ರ ಕೇಳಬೇಡಿ. ರಿಪೇರಿಗೆ ಕೊಟ್ಟ ಮಿಕ್ಸಿ ಬಗ್ಗೆ ಹಾಗೆ ಕೇಳಬಹುದು. ನಾನು ಒಬ್ಬರ ಹತ್ತಿರ ಮಾತಾಡುತ್ತಿದ್ದೇನೆ. ಅವರು ಕೇಳಿಸಿಕೊಳ್ಳುತ್ತಾರೆ ಅಂತ ನಂಬಿದ್ದೇನೆ.

ಈಗ ಎರಡನೇ ಗುಂಪಿನವರು. ಇವರ ಮೇಲೆ ನನಗೆ ಸಿಟ್ಟು ಜಾಸ್ತಿ. ಅದಕ್ಕೆ ಕಾರಣ ಇದೆ.

ಅಪ್ಪನಿಗೆ ಕಿಡ್ನಿ ಕೈಕೊಟ್ಟಾಗ ಧಾರವಾಡದ ಕಡೆಯ ನಮ್ಮ ಸಣ್ಣ ಚರ್ಚಿನ ಸಭೆ ಮಾಡಿದ ಪ್ರಾರ್ಥನೆ ಸಣ್ಣದಲ್ಲ. ಹೆಣ್ಣುಮಕ್ಕಳು ಸರಪಳಿ ಪ್ರಾರ್ಥನೆ ಇಟ್ಟುಕೊಂಡರು. ಅಂದರೆ ಒಬ್ಬೊಬ್ಬರು ಒಂದೊಂದು ತಾಸು ಹಂಚಿಕೊಂಡು ಹಗಲು ರಾತ್ರಿ ಬಿಡದೆ ಪ್ರಾರ್ಥಿಸುವುದು. ರಾತ್ರಿ ಎರಡರಿಂದ ಮೂರರ ತಾಸನ್ನು ರಿಟೈರಾದ ಟೀಚರಮ್ಮ ಒಬ್ಬರು ಕೇಳಿ ತಗೊಂಡಿದ್ದರು. ಸಭಾಪಾಲಕರು (ಪಾಸ್ಟರ್) ವಾರ್ಡಿಗೆ ಬಂದು ಬೈಬಲ್ಲಿನ ಯಾಕೋಬನ ಪತ್ರಿಕೆಯಲ್ಲಿ ಬರೆದ ಹಾಗೆ ಹಣೆಗೆ ಎಣ್ಣೆ ಹಚ್ಚಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಡಯಾಲಿಸಿಸ್ಸೂ ನಡೀತಾ ಇತ್ತು. (ಮಾತ್ರೆ ಬಿಟ್ಟು ಪ್ರಾರ್ಥನೆ ಮಾಡಬೇಕಾ ಅಂತ ಕೇಳುವವರಿಗೆ: ಬೇಡ. 1923ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆಯನ್ನೇ ಶುರು ಮಾಡಿದರು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸೇವಾ ಸಂಸ್ಥೆಯವರಿಗೆ ಪ್ರಾರ್ಥನೆ ಮತ್ತು ಔಷಧಿ ಒಂದೇ ಸೂರಿನ ಕೆಳಗಿದ್ದವು.)

ಅಪ್ಪ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಜನ ತುಂಬಿದ್ದರು. ಒಬ್ಬ ಹಿರಿಯರು, ಬೇರೆ ಸಭೆಯವರು, ಕುರ್ಚಿ ಎಳೆದುಕೊಂಡು ಕೂತು, “ಸಂಪೂರ್ಣ ನಂಬಿಕೆಯಿಂದ ಕೇಳಿದ್ದರೆ ಕರ್ತನು ಎಬ್ಬಿಸುತ್ತಿದ್ದನು. ಎಲ್ಲೋ ಸಂಶಯ ಇತ್ತು” ಎಂದರು. ಅಮ್ಮ ಅವರಿಗೆ ಚಹಾ ಕೊಡುತ್ತಿದ್ದರು. ಕಪ್ಪು ಬಸಿ ಕೈಯಲ್ಲಿ ಹಿಡಿದುಕೊಂಡೇ ಅಮ್ಮ ಹೇಳಿದರು: “ನಾ ಅವರ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ದವಾಖಾನಿಗೆ ಒಯ್ದಿಟ್ಟಿದ್ದೆ ರೀ. ಮನಿಗೆ ಬರೂಮುಂದ ಹಾಕ್ಕೋಬೇಕಲ್ಲ ಅಂತ.” ಆ ಅಂಗಿಯನ್ನೇ ಹಾಕಿ ಅಪ್ಪನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದೆವು. ಹಿರಿಯರು ಚಹಾ ಕುಡಿದರು, ಇನ್ನೊಂದು ವಚನ ಹೇಳಿದರು, ಹೊರಟರು.

ಐಸಿಯು ಹೊರಗಿನ ಬೆಂಚಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಇಸ್ತ್ರಿ ಅಂಗಿ. ಇದಕ್ಕಿಂತ ಜಾಸ್ತಿ ನಂಬಿಕೆ ಹೇಗಿರುತ್ತದೆ ಅಂತ ಯಾರಾದರೂ ನನಗೆ ತೋರಿಸಲಿ. ದುಃಖದಲ್ಲಿರುವವರ ಮನೆಗೆ ಹೋಗಿ ನಂಬಿಕೆ ತೂಕ ಮಾಡುವ ಹಕ್ಕನ್ನು ಸತ್ಯವೇದದ (ಬೈಬಲ್ಲಿನ) ಯಾವ ಪುಟವೂ ಯಾರಿಗೂ ಕೊಟ್ಟಿಲ್ಲ.

ಅಂಥವರು ಬೈಬಲ್ಲಿನಲ್ಲಿ ಲೂಕ ಬರೆದ ಅಪೊಸ್ತಲರ ಕೃತ್ಯಗಳು ಪುಸ್ತಕದ 12ನೇ ಅಧ್ಯಾಯವನ್ನು ಒಂದು ಸಲ ನಿಧಾನವಾಗಿ ಓದಬೇಕು. ರಾಜ ಹೆರೋದನು ಯೇಸುವಿನ ಶಿಷ್ಯ ಪೇತ್ರನನ್ನು ಹಿಡಿದು ಸೆರೆಗೆ ಹಾಕಿದ್ದಾನೆ. ನಾಲ್ಕು ನಾಲ್ಕು ಸಿಪಾಯಿಗಳ ನಾಲ್ಕು ತಂಡ ಕಾವಲು. ಇತ್ತ ಸಭೆಯವರು ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಸೇರಿ ಪ್ರಾರ್ಥಿಸುತ್ತಿದ್ದಾರೆ. ದೇವದೂತ ಬಂದು ಬೇಡಿ ಕಳಚಿ ಪೇತ್ರನನ್ನು ಹೊರಗೆ ತರುತ್ತಾನೆ, ಪೇತ್ರ ನೇರವಾಗಿ ಆ ಮನೆಗೇ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಅನ್ನುವ ಕೆಲಸದ ಹುಡುಗಿ ಧ್ವನಿ ಗುರುತಿಸಿ, ಖುಷಿಗೆ ಬಾಗಿಲು ತೆಗೆಯುವುದನ್ನೇ ಬಿಟ್ಟು ಒಳಗೆ ಓಡುತ್ತಾಳೆ. “ಪೇತ್ರ ಬಂದಿದ್ದಾನೆ!” ಅದಕ್ಕೆ ಪ್ರಾರ್ಥನೆ ಮಾಡುತ್ತಿದ್ದವರು ಏನಂದರು ಗೊತ್ತಾ? ನಿನಗೆ ಹುಚ್ಚು ಹಿಡಿದಿದೆ ಅಂದರು. ಅವಳು ಬಿಡಲಿಲ್ಲ. ಹಾಗಾದರೆ ಅವನ ದೂತನಿರಬೇಕು ಅಂದರು. ಪೇತ್ರ ಪಾಪ ಹೊರಗೆ ನಿಂತು ತಟ್ಟುತ್ತಲೇ ಇದ್ದಾನೆ! ಈ ಭಾಗ ಓದಿದಾಗಲೆಲ್ಲ ನನಗೆ ನಗು ಬರುತ್ತದೆ, ಆಮೇಲೆ ದೊಡ್ಡ ಧೈರ್ಯ ಬರುತ್ತದೆ. ಅಷ್ಟು ಕೇಳಿಕೊಂಡವರಿಗೇ, ಕೇಳಿದ್ದು ಬಾಗಿಲಿಗೆ ಬಂದಾಗ ನಂಬಲು ಆಗಲಿಲ್ಲ. ಆದರೂ ಪೇತ್ರ ಹೊರಗೆ ಬಂದಿದ್ದ.

ಅದೇ ಅಧ್ಯಾಯದ ಎರಡನೇ ವಚನ ನೋಡಿ. ಅದೇ ಹೆರೋದನು ಇನ್ನೊಬ್ಬ ಶಿಷ್ಯ, ಯೋಹಾನನ ಅಣ್ಣ ಯಾಕೋಬನನ್ನು (ಪತ್ರಿಕೆಯ ಯಾಕೋಬ ಬೇರೆ) ಕತ್ತಿಯಿಂದ ಕೊಲ್ಲಿಸಿದನು. ಒಂದೇ ಸಾಲು. ಯಾಕೋಬನಿಗಾಗಿ ಯಾರೂ ಕಣ್ಣೀರಿಡಲಿಲ್ಲವಾ, ಅವನ ತಾಯಿ ಪ್ರಾರ್ಥಿಸಲಿಲ್ಲವಾ? ಲೂಕ ಅದನ್ನು ಬರೆದಿಲ್ಲ. ಯಾಕೋಬನ ಮನೆಯವರಿಗೆ ನಂಬಿಕೆ ಕಮ್ಮಿ ಇತ್ತು ಅಂತಲೂ ಬರೆದಿಲ್ಲ.

ನಂಬಿಕೆ ತೂಕ ಮಾಡುವವರು ಇನ್ನೊಂದು ಹೆಸರು ತಪ್ಪದೆ ಎತ್ತುತ್ತಾರೆ, ಜಾರ್ಜ್ ಮುಲ್ಲರ್. ನಿಜಕ್ಕೂ ದೊಡ್ಡ ಮನುಷ್ಯ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1836ರಿಂದ ಅನಾಥ ಮಕ್ಕಳಿಗೆ ಮನೆ ನಡೆಸಿದರು. ಯಾರ ಹತ್ತಿರವೂ ಕೈಚಾಚದೆ, ದೇವರ ಹತ್ತಿರ ಮಾತ್ರ ಕೇಳಿ, ಬಂದ ದುಡ್ಡಿಗೆಲ್ಲ ಲೆಕ್ಕ ಬರೆದು ಅಚ್ಚು ಹಾಕಿಸಿ, 10,000ಕ್ಕೂ ಹೆಚ್ಚು ಮಕ್ಕಳನ್ನು ಸಾಕಿದರು. “ನೋಡಿ, ನಂಬಿಕೆ ಅಂದ್ರೆ ಹೀಗಿರಬೇಕು” ಅಂತ ಉಪದೇಶ ಅಲ್ಲಿಗೆ ನಿಲ್ಲುತ್ತದೆ. 1870ರ ಕಥೆ ಹೇಳುವವರು ಕಮ್ಮಿ. ಆ ವರ್ಷ ಫೆಬ್ರವರಿಯಲ್ಲಿ, 39 ವರ್ಷ ಜೊತೆಗೆ ಬಾಳಿದ ಹೆಂಡತಿ ಮೇರಿ ತೀರಿಕೊಂಡರು. ಆ ಮನೆಯಲ್ಲಿ ಪ್ರಾರ್ಥನೆಗೆ ಕೊರತೆ ಇತ್ತು ಅಂತ ಯಾರಾದರೂ ಹೇಳಲಿ ನೋಡೋಣ. ಸಮಾಧಿಯ ದಿನದ ಪ್ರಸಂಗವನ್ನು ಮುಲ್ಲರ್ ತಾವೇ ಮಾಡಿದರು. ತೆಗೆದುಕೊಂಡ ವಚನ ಕೀರ್ತನೆ 119:68, ನೀನು ಒಳ್ಳೆಯವನು, ಒಳ್ಳೆಯದನ್ನೇ ಮಾಡುವವನು ಅನ್ನುವ ಮಾತು. ಆಮೇಲೂ ಮಕ್ಕಳ ಊಟಕ್ಕಾಗಿ ಮೊದಲಿನ ಹಾಗೇ ಕೇಳುವುದನ್ನು ಮುಂದುವರಿಸಿದರು. ನನಗೆ ಮುಲ್ಲರ್ ಇಷ್ಟವಾಗುವುದು ಈ ಕಾರಣಕ್ಕೆ.

ಹಾಗಂತ ಇನ್ನೊಂದು ತುದಿಗೆ ಹೋಗುವವರನ್ನೂ ನಾನು ಒಪ್ಪುವುದಿಲ್ಲ. ಕೆಲವರ ಪ್ರಾರ್ಥನೆ ಶುರುವಾಗುವುದೇ “ನಿನ್ನ ಚಿತ್ತವಿದ್ದರೆ” ಅಂತ. ಏನನ್ನೂ ಕೇಳಿರುವುದಿಲ್ಲ, ಅಷ್ಟರಲ್ಲೇ ಇಲ್ಲ ಅನ್ನಿಸಿಕೊಳ್ಳಲು ತಯಾರಾಗಿರುತ್ತಾರೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೊದಲು ಬಾಯಿಬಿಟ್ಟು ಕೇಳಿದನು: ತಂದೆಯೇ, ನಿನಗೆ ಎಲ್ಲವೂ ಸಾಧ್ಯ, ಈ ಪಾತ್ರೆಯನ್ನು, ಅಂದರೆ ಈ ಸಂಕಟವನ್ನು, ನನ್ನಿಂದ ತೊಲಗಿಸು. ಆಮೇಲೆ, ಆದರೂ ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ ಆಗಲಿ ಎಂದನು. ಅದೇ ಸರದಿಯಲ್ಲಿ ಪ್ರಾರ್ಥಿಸಿ. ಬೇಕಾದದ್ದನ್ನು ಸ್ಪಷ್ಟವಾಗಿ ಕೇಳಿದ ಮೇಲೆ ಒಪ್ಪಿಸಿಕೊಡುವುದಕ್ಕೆ ಅರ್ಥ ಇರುತ್ತದೆ.

ನಿಜ ಹೇಳಬೇಕೆಂದರೆ, “ಆಗುತ್ತಾ?” ಅನ್ನುವುದಕ್ಕಿಂತ “ಈಗ ಏನು ಕೇಳ್ತಾ ಇದ್ದೀರಾ?” ಅಂತ ಯಾರಾದರೂ ಕೇಳಿದರೆ ನನಗೆ ಖುಷಿ. ಹಾಗೆ ಕೇಳುವವರೇ ಇಲ್ಲ. ನೀವು ಕೇಳಿದ್ದೀರಿ ಅಂದುಕೊಂಡು ಹೇಳುತ್ತೇನೆ. ನನ್ನ ಚಿಕ್ಕಪ್ಪನ ಮಗ ಕುಡಿತ ಬಿಡಲಿ ಅಂತ ವರ್ಷಗಳಿಂದ ಕೇಳುತ್ತಿದ್ದೇನೆ. ಬಿಟ್ಟಿಲ್ಲ. ಎರಡು ಸಲ ಬಿಟ್ಟು ಮತ್ತೆ ಹಿಡಿದ. ಪ್ರತಿ ಭಾನುವಾರ ಆರಾಧನೆಗೆ ಹೊರಡುವ ಮೊದಲು ಅವನಿಗೆ ಫೋನ್ ಮಾಡಿ “ಬರ್ತೀಯಾ?” ಅಂತೀನಿ. ಬರ್ತಾನೆ ಅಂತಲೇ ಕೇಳುತ್ತೇನೆ, ಬೆಂಚಿನಲ್ಲಿ ಜಾಗವನ್ನೂ ಹಿಡಿದಿರುತ್ತೇನೆ.

ಇದನ್ನು ನಾನು ಬೈಬಲ್ಲಿನ ಪ್ರವಾದಿ ಎಲೀಯನಿಂದ ಕಲಿತೆ. ಮೂರು ವರ್ಷ ಮಳೆ ಇಲ್ಲ. ಆಕಾಶದಲ್ಲಿ ಒಂದು ಚೂರೂ ಮೋಡ ಕಾಣುವ ಮೊದಲೇ, ಮಳೆಯ ಸದ್ದು ಕೇಳಿಸುತ್ತಿದೆ, ಹೋಗಿ ಊಟ ಮಾಡು ಅಂತ ರಾಜ ಅಹಾಬನಿಗೆ ಹೇಳಿಬಿಟ್ಟ. ತಾನು ಮಾತ್ರ ಕರ್ಮೆಲ್ ಬೆಟ್ಟದ ತುದಿಗೆ ಹೋಗಿ, ಮೊಣಕಾಲುಗಳ ನಡುವೆ ಮುಖ ಇಟ್ಟು ಬೊಗ್ಗಿ ಕೂತ. ಸಮುದ್ರದ ಕಡೆ ನೋಡಿ ಬಾ ಅಂತ ಸೇವಕನನ್ನು ಕಳಿಸಿದ. ಏನೂ ಇಲ್ಲ ಅಂದ. ಮತ್ತೆ ಹೋಗು. ಏನೂ ಇಲ್ಲ. ಏಳನೇ ಸಲಕ್ಕೆ ಅಂಗೈಯಷ್ಟು ಮೋಡ. ಬಯಲುಸೀಮೆಯಲ್ಲಿ ಮೃಗಶಿರಾ ಕಳೆದರೂ ಬಿತ್ತನೆ ಆಗದೆ ಮೋಡ ನೋಡಿದವರಿಗೆ ಆ ಆರು ಸಲ “ಏನೂ ಇಲ್ಲ” ಅಂದರೆ ಏನು ಅಂತ ಗೊತ್ತಿರುತ್ತದೆ. ಇಂಥ ಎಲೀಯನೂ ನಮ್ಮಂಥ ಸ್ವಭಾವದ ಮನುಷ್ಯನೇ ಅಂತ ಯಾಕೋಬನ ಪತ್ರಿಕೆ ಹೇಳುತ್ತದೆ. ಮಳೆ ಬಾರದ ಪ್ರತಿ ಸಲವೂ ಅವನು ಮಾಡಿದ್ದು ಒಂದೇ, ಇನ್ನೊಮ್ಮೆ ನೋಡಿ ಬಾ ಅಂತ ಕಳಿಸಿದ್ದು.

ಹಾಗಾಗಿ ಮುಂದಿನ ಸಲ ಸಿಕ್ಕಾಗ ನನ್ನ ನಂಬಿಕೆ ಬಗ್ಗೆ ವಿಚಾರಣೆ ಬೇಡ. ನಿಮಗೆ ಏನು ಬೇಕು ಅಂತ ಹೇಳಿ. ನೀವು ಚರ್ಚಿನವರೇ ಆಗಿರಬೇಕು ಅಂತಿಲ್ಲ. ಯಾರಿಗೆ ಹುಷಾರಿಲ್ಲ, ಆಪರೇಷನ್ ಯಾವತ್ತು, ಮಗಳ ಇಂಟರ್‌ವ್ಯೂ ಎಷ್ಟು ಗಂಟೆಗೆ, ಅಷ್ಟು ಹೇಳಿದರೆ ಸಾಕು. ಬೈಬಲ್ಲಿನ ಕೊನೆಯ ಖಾಲಿ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ, ಆ ಹೊತ್ತಿಗೆ ಹೆಸರು ಹಿಡಿದು ಕೇಳುತ್ತೇನೆ. ಆಮೇಲೆ ಏನಾಯ್ತು ಅಂತ ತಪ್ಪದೆ ಫೋನ್ ಮಾಡಿ ಹೇಳಿ. ಆಗದಿದ್ದರೂ ಹೇಳಿ, ಮರುದಿನ ಮತ್ತೆ ಕೇಳಬೇಕಾಗುತ್ತದೆ.